ಉಂಡರೆ ಬರುವ ಅಮಲು

ಆ ಸೋಮವಾರ ಬೆಳಗ್ಗೆ ಧಾರವಾಡದ ಮೇಲೆ ಮೂಡಣ ಗಾಳಿ ಬಿಟ್ಟಿತ್ತು. ಮಾಘಮಾಸದ ಒಣಗಾಳಿ, ತುಟಿ ಒಡೆಸುವಂಥದು, ಹಗ್ಗಕ್ಕೆ ಹಾಕಿದ ಒದ್ದೆ ಸೀರೆಯನ್ನು ಅರೆಗಳಿಗೆಯಲ್ಲಿ ಹಪ್ಪಳ ಮಾಡುವಂಥದು. ಮುಗಿಲಲ್ಲಿ ಅರಳೆಯಷ್ಟೂ ಮೋಡವಿರಲಿಲ್ಲ. ಇಂಥ ಗಾಳಿ ಬಿಟ್ಟ ದಿನ ಸೂಕ್ಷ್ಮಜೀವಿಗಳ ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೆ ಒಂದೇ ಚಿಂತೆ. ಜೀವಿಗಳನ್ನು ಬೆಳೆಸಲು ಪ್ಲೇಟುಗಳಲ್ಲಿ ಸುರುವಿಟ್ಟ ಅಗಾರ್ ಗಂಜಿ ಒಣಗಿ ಬಿರಿಯುತ್ತದೆ, ಧೂಳಿನ ಬೆನ್ನೇರಿ ಬೂಷ್ಟು ಬಂದು ಕೂರುತ್ತದೆ.

ಡಾಕ್ಟರ್ ನೀಲಾಂಬಿಕೆ ಹೂಗಾರ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಕೆಲಸಕ್ಕೆ ಬಂದಿದ್ದಳು. ಐವತ್ತಾರು ವರ್ಷದ ಹೆಂಗಸು. ಒಬ್ಬಂಟಿ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನಿಂದ ಇನಾಯತ್ ಮುಲ್ಲಾನ ದನಿ ಕೇಳಿಸಿತು. ಮೂವತ್ತು ವರ್ಷದಿಂದ ಆ ಪ್ರಯೋಗಾಲಯದಲ್ಲಿ ಪ್ಲೇಟು ಸುರುವಿದವನು ಅವನೇ.

"ಮೇಡಮ್ಮರ, ಇಲ್ಲೆ ಬರ್ರಿ. ಇವತ್ತ ನಾಷ್ಟಾ ಇಲ್ಲೇ ಮಾಡೂಣು. ನಲವತ್ತೆರಡು ಪ್ಲೇಟಿನ್ಯಾಗ ಮೂವತ್ತೊಂಬತ್ತು ದ್ವಾಸಿ ಹಿಟ್ಟ ಆಗ್ಯಾವು."

ನೀಲಾಂಬಿಕೆ ಬಗ್ಗಿ ನೋಡಿದಳು. ಪ್ಲೇಟುಗಳ ತುಂಬ ಕೆನೆಬಣ್ಣದ ಗುಳ್ಳೆಗಳು, ಒಂದರ ಮೈಗೆ ಒಂದು ಹತ್ತಿ. ಮುಚ್ಚಳ ತೆರೆದರೆ ಘಮ್ಮನೆ ಹುದುಗಿದ ಹಿಟ್ಟಿನ ವಾಸನೆ. ಯೀಸ್ಟ್.

"ಗಾಳಿಗೆ ಬಂದದ್ದು," ಅಂದಳು. "ಎಲ್ಲಾ ಕೆಟ್ಟಾವು. ಕುದಿಸಿ ಚೆಲ್ಲಿಬಿಡು."

"ಗಾಳಿಗೆ ಬಂದಿದ್ರ ಖಾಲಿ ಪ್ಲೇಟಿಗೂ ಬರಬೇಕಿತ್ತಲ್ರೀ. ನೋಡ್ರಿಲ್ಲೆ." ಇನಾಯತ್ ಏನನ್ನೂ ಬಿತ್ತದೆ ಬಿಟ್ಟಿದ್ದ ಬೇರೆ ಆರು ಪ್ಲೇಟುಗಳನ್ನು ಬೆಳಕಿಗೆ ಹಿಡಿದ. ಕನ್ನಡಿಯ ಹಾಗೆ ನಿಚ್ಚಳವಾಗಿದ್ದವು. "ಇದು ಗಾಳಿದಲ್ಲ. ಮಾದರಿ ಕಳಿಸ್ಯಾರಲ್ಲ, ಆ ಜವಾನರ ಹೊಟ್ಟಿದು."

"ಮತ್ತ ಇಷ್ಟು ವರ್ಷ ಯಾಕ ಕಾಣಲಿಲ್ಲ?"

ಇನಾಯತ್ ತಲೆ ಕೆರೆದುಕೊಂಡ. "ಬೂಷ್ಟಿನ ಮದ್ದು ಹೋದ ವಾರನ ಖಾಲಿ ಆತ್ರಿ. ಬೆಂಗಳೂರಿಂದ ಇನ್ನೂ ಬಂದಿಲ್ಲ. ಕೆಲಸ ನಿಲ್ಲಬಾರ್ದಂತ ಈ ಸಲ ಹಂಗ ಸುರುವಿದೆ. ಬೈಯಬ್ಯಾಡ್ರಿ."

ನೀಲಾಂಬಿಕೆ ಬೈಯಲಿಲ್ಲ. ಕೈಯಲ್ಲಿದ್ದ ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. 

ಬೂಷ್ಟಿನ ಮದ್ದಿನ ಕತೆಯನ್ನು ಇಲ್ಲಿ ಹೇಳಲೇಬೇಕು. ಗಂಜಿ ಕುದಿಸುವಾಗ ಅದಕ್ಕೆ ಬೂಷ್ಟು, ಯೀಸ್ಟ್ ಯಾವುದೂ ಏಳದಂತೆ ಚೂರು ಮದ್ದು ಹಾಕುವುದು ಅಲ್ಲಿಯ ರೂಢಿ. ಅವರು ಹುಡುಕುತ್ತಿದ್ದುದು ಬ್ಯಾಕ್ಟೀರಿಯಾವನ್ನು. ಯೀಸ್ಟ್ ಎದ್ದರೆ ಎಣಿಕೆ ತಪ್ಪುತ್ತದೆ, ಪ್ಲೇಟು ಅಸಹ್ಯವಾಗಿ ಕಾಣುತ್ತದೆ. ಆ ರೂಢಿ ಹಾಕಿದವಳು ನೀಲಾಂಬಿಕೆಯೇ. ಹದಿನೆಂಟು ವರ್ಷದ ಹಿಂದೆ, ಇಂಥದೇ ಗಾಳಿಯ ಕಾಲದಲ್ಲಿ. ಅಂದಿನಿಂದ ಅವಳ ಪ್ಲೇಟುಗಳು ಇಡೀ ರಾಜ್ಯದಲ್ಲಿ ಚೊಕ್ಕಟಕ್ಕೆ ಹೆಸರಾಗಿದ್ದವು.

ಇನ್ನು ಆ ಜವಾನರು. ದೇಶದ ಉತ್ತರದ ತುದಿಯಲ್ಲಿ, ಉಸಿರೂ ಹೆಪ್ಪುಗಟ್ಟುವ ಎತ್ತರದಲ್ಲಿ, ಹಿಮಗಡಿ ದಳದ ಕಾವಲು ನೆಲೆಗಳಿದ್ದವು. ಕಾರ್ತಿಕದಲ್ಲಿ ದಾರಿ ಮುಚ್ಚಿದರೆ ಚೈತ್ರದವರೆಗೆ ಡಾಕ್ಟರು ಹತ್ತುವಂತಿಲ್ಲ, ರೋಗಿ ಇಳಿಯುವಂತಿಲ್ಲ. ಸಣ್ಣ ಗಾಯ ಕೀವಾಗಿ ಜೀವ ತೆಗೆಯುತ್ತಿತ್ತು. ಅದಕ್ಕಾಗಿ ನೀಲಾಂಬಿಕೆಯ ತಂಡ ಒಂದು ಸಾಧನ ಮಾಡಿತ್ತು. ಅಕ್ಕಿಕಾಳಿನಷ್ಟು ಸಣ್ಣದು. ತೋಳಿನ ಚರ್ಮದ ಕೆಳಗೆ ಕೂರಿಸಿದರೆ ಆರು ತಿಂಗಳು ದಿನಕ್ಕಿಷ್ಟೆಂದು ಆಂಟಿಬಯಾಟಿಕ್ ಒಸರುತ್ತದೆ. ಅದಕ್ಕೆ 'ಕವಚ' ಎಂದು ಹೆಸರಿಟ್ಟರು. ಕವಚ ಬಂದ ಮೇಲೆ ಕೀವಿನಿಂದ ಒಬ್ಬನೂ ಸಾಯಲಿಲ್ಲ. ಅದು ಸುಳ್ಳಲ್ಲ, ಸಣ್ಣ ಮಾತೂ ಅಲ್ಲ.

ಆದರೆ ಹೊಟ್ಟೆಯೂ ಒಂದು ಹೊಲ. ಅಲ್ಲಿ ಸಾವಿರ ಬಗೆಯ ಜೀವಗಳು ಒಂದನ್ನೊಂದು ತಡೆದುಕೊಂಡು ಬದುಕುತ್ತವೆ. ಬೆಳೆಯನ್ನೆಲ್ಲ ಸುಟ್ಟು ಹೊಲವನ್ನು ಬೀಳುಬಿಟ್ಟರೆ ಕಸ ಏಳದೆ ಇರುತ್ತದೆಯೇ? ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಯೀಸ್ಟ್ ಹಬ್ಬುತ್ತದೆ. ಯೀಸ್ಟಿಗೆ ಸಕ್ಕರೆ ಸಿಕ್ಕರೆ ಅದು ಮಾಡುವ ಕೆಲಸ ಯಾರಿಗೆ ಗೊತ್ತಿಲ್ಲ? ಮಡಕೆಯಲ್ಲಿದ್ದರೂ ಅದೇ, ಮನುಷ್ಯನ ಹೊಟ್ಟೆಯಲ್ಲಿದ್ದರೂ ಅದೇ. ಸಕ್ಕರೆಯನ್ನು ಹುದುಗಿಸಿ ಸೆರೆ, ಅಂದರೆ ಮದ್ಯ, ಮಾಡುತ್ತದೆ.

ಅದನ್ನು ಐದು ವರ್ಷದ ಹಿಂದೆಯೇ ಒಬ್ಬರು ಕೇಳಿದ್ದರು. ಹವಾಲ್ದಾರ ಅಡಿವೆಪ್ಪ ತಳಗೇರಿ ಎಂಬುವನು ಕಾವಲಿನ ವೇಳೆ ಅಮಲಿನಲ್ಲಿ ಸಿಕ್ಕಿಬಿದ್ದಿದ್ದ. ರಕ್ತದಲ್ಲಿ ಮದ್ಯವಿತ್ತು. ಅವನು ಮಾತ್ರ ಜನ್ಮದಲ್ಲಿ ಮುಟ್ಟಿಲ್ಲ ಎಂದು ಗೋಗರೆಯುತ್ತಿದ್ದ. ದಳದವರು ಅವನ ಮಲದ ಮಾದರಿ ಕಳಿಸಿ, ಕವಚದಿಂದ ಹೀಗಾಗಬಹುದೇ ಎಂದು ಬರೆದಿದ್ದರು. ನೀಲಾಂಬಿಕೆ ಚೊಕ್ಕಟವಾದ ಪ್ಲೇಟು ನೋಡಿ ಒಂದೂವರೆ ಸಾಲು ಬರೆದಿದ್ದಳು: "ಮಾದರಿಯಲ್ಲಿ ಮದ್ಯ ಉತ್ಪಾದಿಸುವ ಯಾವ ಜೀವಿಯೂ ಕಂಡುಬಂದಿಲ್ಲ. ಕವಚಕ್ಕೂ ಇದಕ್ಕೂ ಸಂಬಂಧವಿಲ್ಲ."

"ಇನಾಯತ್," ಅಂದಳು ಈಗ, ದನಿ ಕಡಿಮೆಯಾಗಿ. "ಹಳೇ ಮಾದರಿ ಫ್ರೀಜರಿನ್ಯಾಗ ಇರಬೇಕಲ್ಲ?"

"ಯಾರದ್ರಿ?"

"ಆ ಹವಾಲ್ದಾರಂದು."

ಇನಾಯತ್ ಆಕೆಯ ಮುಖ ನೋಡಿದ. ಅವನ ನಗೆಚಾಟಿಕೆ ಅಲ್ಲಿಗೇ ನಿಂತಿತು.

ಎರಡು ದಿನಕ್ಕೆ ಉತ್ತರ ಬಂತು. ಮದ್ದಿಲ್ಲದ ಪ್ಲೇಟಿನಲ್ಲಿ ಅಡಿವೆಪ್ಪನ ಹೊಟ್ಟೆಯ ಯೀಸ್ಟ್ ಜಮಖಾನೆ ಹಾಸಿದಂತೆ ಬೆಳೆದಿತ್ತು. ಅದನ್ನು ಸಕ್ಕರೆ ನೀರಿನ ಸೀಸೆಗೆ ಹಾಕಿ ಮೈಬಿಸಿಯಲ್ಲಿ ಇಟ್ಟರೆ, ಬಾಯಿಗೆ ಕಟ್ಟಿದ ಬಲೂನು ಮಧ್ಯಾಹ್ನದೊಳಗೆ ಉಬ್ಬಿ ನಿಂತಿತು. ಸೀಸೆಯ ನೀರು ಸೆರೆಯಾಗಿತ್ತು.

ನೀಲಾಂಬಿಕೆ ಹಳೆಯ ಫೈಲು ತೆಗೆಸಿದಳು. ಅದರಲ್ಲಿ ಅಡಿವೆಪ್ಪ ಕೆಲಸ ಕಳೆದುಕೊಂಡ ಮೇಲೆ ಅವಳಿಗೇ ಬರೆದ ಕಾಗದವೊಂದಿತ್ತು. ಎರಡು ಪುಟ. ಮೊದಲ ಪುಟದಲ್ಲಿ, "ಡಾಕ್ಟರ್ ತಾಯಿಯವರಿಗೆ ಶರಣು. ಎದೆಯ ಮೇಲಿನ ಲಿಂಗ ಮುಟ್ಟಿ ಹೇಳುತ್ತೇನೆ, ನಾನು ಹನಿ ಸೆರೆ ಕುಡಿದವನಲ್ಲ" ಎಂದಿತ್ತು. ಆ ಸಾಲಿಗೆ ಬಂದು ಅಂದು ಅವಳು ನಿಲ್ಲಿಸಿದ್ದಳು. ನಿಲ್ಲಿಸಿದ್ದಕ್ಕೆ ಕಾರಣ ಪ್ರಯೋಗಾಲಯದ್ದಲ್ಲ, ಮನೆಯದು. ಅವಳ ಅಪ್ಪ ಊರ ಮನೆಮನೆಗೆ ಪತ್ರಿ, ಹೂವು ಕೊಡುತ್ತಿದ್ದವನು. ಸಂಜೆ ಕುಡಿದು ತೂರಾಡುತ್ತ ಬಂದು, ಪತ್ರಿಬುಟ್ಟಿ ಮುಟ್ಟಿ "ಬಸವಣ್ಣನ ಆಣಿ, ಕುಡದಿಲ್ಲ" ಅನ್ನುತ್ತಿದ್ದ. ಆಣೆ ಇಡುವ ಬಾಯಿಯಿಂದಲೇ ಆ ವಾಸನೆ ಬರುತ್ತಿತ್ತು. ದೇವರ ಹೆಸರು ಹಿಡಿದು ಕುಡಿತ ಮುಚ್ಚುವವರನ್ನು ಅವಳು ಆವತ್ತಿನಿಂದ ನಂಬಿದವಳಲ್ಲ.

ಈಗ ಪುಟ ಮಗುಚಿದಳು.

"ಒಂದು ಮಾತು ತಮ್ಮ ಗಮನಕ್ಕೆ. ಸೋಮವಾರ ಉಪವಾಸವಿದ್ದ ದಿನ ನನ್ನ ತಲೆ ತಿಳಿಯಾಗಿರುತ್ತದೆ. ಅನ್ನ, ಬೆಲ್ಲ ಉಂಡ ಮೂರು ತಾಸಿಗೆ ಅಮಲು ಬರುತ್ತದೆ. ಬರೀ ಸೊಪ್ಪು, ಮಜ್ಜಿಗೆ ಉಂಡರೆ ಬರುವುದಿಲ್ಲ. ಹನ್ನೊಂದು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನೋಡಿದ್ದೇನೆ. ನೀವು ಓದಿದವರು. ಇದಕ್ಕೇನಾದರೂ ಅರ್ಥವಿದ್ದರೆ ತಿಳಿಸಬೇಕು."

 ಹತ್ತನೆಯ ಇಯತ್ತೆ ಓದಿದ ಸಿಪಾಯಿಯೊಬ್ಬ ತನ್ನ ಹೊಟ್ಟೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಸರಿಯಾದ ಪ್ರಶ್ನೆ ಕೇಳಿ, ಮುಕ್ಕಾಲು ಉತ್ತರವನ್ನೂ ಬರೆದು ಕಳಿಸಿದ್ದ. ಅವಳು ಹಾಳೆ ಮಗುಚಿರಲಿಲ್ಲ.

ಅಡಿವೆಪ್ಪನ ಊರು ಮಣಕಟ್ಟಿ ನರಗುಂದದ ಕಡೆಯ ಕರಿನೆಲದಲ್ಲಿತ್ತು. ಮುಂದಿನ ಮಂಗಳವಾರ ನೀಲಾಂಬಿಕೆ ಬಸ್ಸು ಇಳಿದು ಚಹಾದಂಗಡಿಯಲ್ಲಿ ತಳಗೇರಿಯವರ ಮನೆ ಕೇಳಿದರೆ, ಬೆಂಚಿನ ಮೇಲಿದ್ದವನೊಬ್ಬ ಕಿವಿಯಿಂದ ಬೀಡಿ ತೆಗೆಯುತ್ತ, "ಯಾವ ತಳಗೇರಿ? ಕುಡುಕ ಮಿಲಿಟ್ರಿ ಮನಿ ಏನ್ರಿ?" ಅಂದ.

"ಅಡಿವೆಪ್ಪನವರ ಮನಿ."

"ಅದನ ಅಂದೆ. ನಿನ್ನೆ ಬರಬೇಕಿತ್ತ ಮೇಡಮ್ಮರ. ಸೋಮಾರ ಒಂದಿನಾ ಅಂವ ನೆಟ್ಟಗ ನಿಂದರ್ತಾನ. ಶಿವನ ಮುಂದಷ್ಟ ಅಂವಗ ನಾಚಿಕಿ. ಮಂಗಳಾರ ಮತ್ತ ಸುರು."

ಅಂಗಡಿಯವರೆಲ್ಲ ನಕ್ಕರು. ನೀಲಾಂಬಿಕೆ ಚಹಾದ ಗ್ಲಾಸು ಅರ್ಧಕ್ಕೇ ಇಟ್ಟು ಎದ್ದಳು. ಆ ನಗೆಯ ಬೀಜ ಬಿತ್ತಿದ್ದು ತಾನು ಎಂಬುದು ಅವರಿಗೆ ತಿಳಿದಿಲ್ಲವಲ್ಲ ಎಂದುಕೊಂಡಳು.

ಮನೆಯ ಕಟ್ಟೆಯ ಮೇಲೆ ಅಡಿವೆಪ್ಪನ ಹೆಂಡತಿ ರತ್ನವ್ವ ಜೋಳ ಹಸನು ಮಾಡುತ್ತಿದ್ದಳು. ಗಟ್ಟಿ ಮೈಕಟ್ಟು, ನಿದ್ದೆಗೆಟ್ಟ ಕಣ್ಣು. ಬಂದವಳು ಡಾಕ್ಟರೆಂದು ಕೇಳಿ ಒಳಗೆ ಚಾಪೆ ಹಾಸಿದಳು, ನೀರು ಕೊಟ್ಟಳು.

"ಕುಡಿಯೂದು ಬಿಡಸು ಔಷಧ ತಂದೀರೇನ್ರಿ?" ಎಂದು ಮೆಲ್ಲಗೆ ಕೇಳಿದಳು. "ಅದ ಎಲ್ಲಾ ನೋಡಿ ಆತ್ರಿ. ಮಠಕ್ಕ ಕರಕೊಂಡ ಹೋದ್ನಿ. ಮಗಳ ತಲಿ ಮುಟ್ಟಿಸಿ ಆಣಿ ತಗೊಂಡ್ನಿ. ಎಲ್ಲಿ ಇಟ್ಟಿರ್ತಾರೋ, ಯಾವಾಗ ಕುಡೀತಾರೋ, ಇವತ್ತಿನ ತನಾ ಒಂದು ಬಾಟ್ಲಿ ನನ್ನ ಕೈಗೆ ಸಿಕ್ಕಿಲ್ಲ. ದಿನಾ ಸಂಜೀಕ ಬಾಗಿಲ್ದಾಗ ನಿಲ್ಲಿಸಿ ಬಾಯಿ ಮೂಸಿ ನೋಡ್ತೀನ್ರಿ. ಎಮ್ಮಿ ಕರಾ ಮೂಸಿದಂಗ. ಗಂಡಸಾಗಿ ಅವರೂ ಬಾಯಿ ತಗದು ನಿಂದರ್ತಾರ. ನನಗ ನಾಚಿಕಿ ಬರತೈತ್ರಿ. ಬಿಡಾಕೂ ಆಗಂಗಿಲ್ಲ."

ಅಷ್ಟರಲ್ಲಿ ಅಡಿವೆಪ್ಪ ಬಂದ. ಊರ ಶುದ್ಧ ನೀರಿನ ಘಟಕದಲ್ಲಿ ಕ್ಯಾನು ತುಂಬಿಸುವ ಕೆಲಸ ಅವನದು. ಎತ್ತರದ ಆಳು, ಬೆನ್ನು ಇನ್ನೂ ಸಿಪಾಯಿಯದೇ. ನೋಟ ಮಾತ್ರ ಯಾವಾಗಲೂ ನೆಲದ ಮೇಲೆ. ನೀಲಾಂಬಿಕೆ ಎದ್ದು ನಿಂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಚದುರಿಹೋಯಿತು.

"ನಾನು ನೀಲಾಂಬಿಕೆ ಹೂಗಾರ. ನಿಮ್ಮ ಕೇಸಿನ್ಯಾಗ ಅಭಿಪ್ರಾಯ ಬರದಾಕಿ ನಾನ."

 ಅಡಿವೆಪ್ಪ ನೆಲ ನೋಡುತ್ತಲೇ ಕೇಳಿದ: "ನನ್ನ ಕಾಗದ ಮುಟ್ಟಿತ್ತೇನ್ರಿ ಮೇಡಂ?"

ಮುಟ್ಟಿರಲಿಲ್ಲ ಅಂದಿದ್ದರೆ ನಡೆದುಹೋಗುತ್ತಿತ್ತು. ಅಂಚೆಯಲ್ಲಿ ಕಳೆದುಹೋಗುವ ಕಾಗದಗಳಿಗೇನು ಲೆಕ್ಕ? ಆ ಸುಳ್ಳು ಅವಳ ನಾಲಗೆಯ ತುದಿಗೆ ಬಂದು ಕೂತಿತ್ತು ಕೂಡ.

"ಮುಟ್ಟಿತ್ತು," ಅಂದಳು. "ಮೊದಲನೇ ಪುಟ ಓದಿ ಇಟ್ಟಿದ್ದೆ. ಎರಡನೇದು ಮೊನ್ನೆ ಓದಿದೆ."

 ಅವನು ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತ. ರತ್ನವ್ವ ಒಮ್ಮೆ ಗಂಡನ ಮುಖ, ಒಮ್ಮೆ ಬಂದವಳ ಮುಖ ನೋಡಿದಳು. ನೀಲಾಂಬಿಕೆ ಪ್ಲೇಟಿನ ಕತೆ, ಯೀಸ್ಟಿನ ಕತೆ, ಬಲೂನಿನ ಕತೆ ಎಲ್ಲ ಹೇಳಿದಳು. ಕವಚವನ್ನು ತೋಳಿನಿಂದ ತೆಗೆದರೂ ಒಳಗೆ ಬೇರೂರಿದ ಯೀಸ್ಟ್ ಹೋಗಿಲ್ಲ, ಉಂಡಾಗೆಲ್ಲ ಅದು ತನ್ನ ಕೆಲಸ ಮಾಡುತ್ತಿದೆ ಎಂದಳು.

"ಅಂದ್ರ ಅನ್ನ ಉಂಡು ಅಮಲ ಏರ್ತದ ಅಂತೀರಿ?" ರತ್ನವ್ವನ ದನಿಯಲ್ಲಿ ಸಿಟ್ಟಿತ್ತು. "ನಾವೂ ಅದನ ಅನ್ನ ಉಣ್ತೀವಲ್ರಿ. ನನಗ್ಯಾಕ ಏರಂಗಿಲ್ಲ? ದೊಡ್ಡ ಮಂದಿ ಕೂಡಿ ಏನರೆ ಕತಿ ಕಟ್ಟಿ ನಮ್ಮನ್ನ ಮತ್ತ ನಗೀಗೀಡು ಮಾಡಬ್ಯಾಡ್ರಿ."

"ಅದಕ್ಕ ನೀವ ಬರ್ರಿ. ನಿಮ್ಮ ಕಣ್ಣಲೆ ನೋಡ್ರಿ. ನನ್ನ ಮಾತು ನಂಬಬ್ಯಾಡ್ರಿ."

ಅಡಿವೆಪ್ಪ ಆಗ ತಲೆ ಎತ್ತಿದ. "ಒಂದ ಸಲ ಪರೀಕ್ಷಾ ಮಾಡ್ರಿ ಅಂತ ಐದು ವರ್ಷ ಆತು ಕೇಳಾಕತ್ತು. ಬರ್ತೀನ್ರಿ."

ಧಾರವಾಡದ ಪ್ರಯೋಗಾಲಯದ ಪರೀಕ್ಷೆಯ ಕೋಣೆಯಲ್ಲಿ ಒಂದು ಮಂಚ, ಎರಡು ಕುರ್ಚಿ, ಎರಡು ಕ್ಯಾಮೆರಾ. ಹಿಮಗಡಿ ದಳದಿಂದ ಕರ್ನಲ್ ಉತ್ತಯ್ಯ ಬಂದಿದ್ದ. ಅಡಿವೆಪ್ಪ ಸಿಕ್ಕಿಬಿದ್ದಾಗ ಆ ನೆಲೆಯ ಅಧಿಕಾರಿ ಅವನೇ. ಗಾಜಿನ ಆಚೆಯ ಕೋಣೆಯಲ್ಲಿ ಪರದೆಗಳ ಮುಂದೆ ಕೂತಿದ್ದ. ಅಡಿವೆಪ್ಪ ಅವನನ್ನು ಕಂಡು ಸೆಟೆದು ನಿಂತಾಗ ಕರ್ನಲ್ ಕಣ್ಣು ಬೇರೆ ಕಡೆ ಹೊರಳಿಸಿದ್ದ.

ಹಿಂದಿನ ದಿನ ಅಡಿವೆಪ್ಪ ಉಪವಾಸವಿದ್ದ. ಬೆಳಗ್ಗೆ ಏಳಕ್ಕೆ ಅವನು ಊದಿದ ಮೀಟರು ಸೊನ್ನೆ ತೋರಿಸಿತು. ಜೇಬು, ಹಾಸಿಗೆ, ನೀರಿನ ಬಾಟಲಿಯ ಮುದ್ರೆ, ಎಲ್ಲ ನೋಡಿದ್ದಾಯಿತು. ಕ್ಯಾಮೆರಾ ಜೊತೆಗೆ ಕಾವಲಿನವನನ್ನೂ ಕೂರಿಸೋಣವೇ ಎಂದು ಕೇಳಿದರೆ ರತ್ನವ್ವ ಮೂಗು ಮುರಿದಳು.

"ನಾ ಇದೀನಲ್ರಿ. ಐದು ವರ್ಷ ಇದನ ನೌಕರಿ ಮಾಡೀನಿ. ನನ್ನ ಕಣ್ಣ ತಪ್ಪಿಸಿ ಒಂದು ನೊಣಾ ಒಳಗ ಬರಂಗಿಲ್ಲ."

ಊಟವನ್ನೂ ಅವಳೇ ಮಾಡಿದಳು. ಪ್ರಯೋಗಾಲಯದ ಅಡುಗೆಮನೆಯಲ್ಲಿ, ಇನಾಯತ್‌ನ ಎದುರಿಗೆ. ಅನ್ನ, ಸಾರು, ಬೆಲ್ಲದ ಹೂರಣದ ನಾಲ್ಕು ಹೋಳಿಗೆ. ಅವನು ಸಾಕು ಅಂದರೂ ಬಿಡದೆ ಐದನೆಯದನ್ನೂ ಹಾಕಿದಳು. ಎಂಟೂವರೆಗೆ ಊಟ ಮುಗಿಯಿತು. ಆಮೇಲೆ ಇಬ್ಬರೂ ಎದುರುಬದುರು ಕೂತರು. ಗಂಡ ಹೆಂಡಿರು ಅಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡುತ್ತ ಕೂತು ಯಾವ ಕಾಲವಾಗಿತ್ತೋ.

ಹತ್ತು ಗಂಟೆಗೆ ಮೀಟರಿನ ಸೊನ್ನೆ ಅಲುಗಿತು. ಹತ್ತೂವರೆಗೆ ಏರಿತು. ಹನ್ನೊಂದಕ್ಕೆ ಅಡಿವೆಪ್ಪನ ಕಣ್ಣು ಕೆಂಪಾದವು. ಹನ್ನೊಂದೂವರೆಗೆ, ರಸ್ತೆಯಲ್ಲಾದರೆ ಪೊಲೀಸರು ಗಾಡಿ ಕಸಿದುಕೊಳ್ಳುವಷ್ಟು ಮದ್ಯ ಅವನ ಉಸಿರಿನಲ್ಲಿತ್ತು. ಅವನು ಏಳಲು ಹೋಗಿ ಮಂಚದ ಅಂಚು ಹಿಡಿದ.

"ಸರ್, ಕಾವಲ... ಕಾವಲಿಗೆ ಹಾಜರದೀನ್ರಿ..." ಅಂದ ಗಾಜಿನ ಕಡೆ ತಿರುಗಿ, ತೊದಲುತ್ತ. ಮರುಗಳಿಗೆ ತನ್ನ ದನಿ ತನಗೇ ಕೇಳಿಸಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ನೋಡಬ್ಯಾಡ್ರಿ. ಯಾರೂ ನನ್ನ ನೋಡಬ್ಯಾಡ್ರಿ."

ರತ್ನವ್ವ ಎದ್ದು ಹೋಗಿ ಅವನ ಬಾಯಿಯ ಹತ್ತಿರ ಮೂಗು ತಂದಳು. ಅದೇ ವಾಸನೆ. ದಿನವೂ ಸಂಜೆ ಬಾಗಿಲಲ್ಲಿ ಮೂಸುತ್ತಿದ್ದ ಅದೇ ವಾಸನೆ. ಮೂರು ತಾಸು ಅವಳು ಎವೆ ಬಡಿದಿರಲಿಲ್ಲ. ಈ ಬಾಯಿಗೆ ಹೋದದ್ದು ಅವಳ ಕೈಯಡುಗೆ ಒಂದೇ.

"ಹೊಟ್ಟಿ ತುಂಬ ಇದ್ರ ಸೆರೆ ನೆನಪಾಗಂಗಿಲ್ಲ ಅಂತ ಮಂದಿ ಹೇಳಿದ್ರು," ಅಂದಳು ಗಾಜಿನ ಕಡೆ ತಿರುಗಿ, ಯಾರಿಗೆ ಹೇಳುತ್ತಿದ್ದೇನೆಂಬ ಎಚ್ಚರವಿಲ್ಲದೆ. "ಬೆಲ್ಲಾ ತಿನ್ನಸು, ಸಿಹಿ ತಿಂದಾಂವ ಕಹಿ ಮುಟ್ಟಂಗಿಲ್ಲ ಅಂದ್ರು. ಬ್ಯಾಡ ಅಂದ್ರೂ ಬಾಯಾಗ ತುರುಕೀನ್ರಿ. ಸೋಮಾರ ಒಂದ ಬಿಟ್ಟು ಉಳದ ಉಪಾಸೆಲ್ಲಾ ಬಿಡಸೀನಿ. ಅಂದ್ರ ದಿನಾ ಕುಡಸಿದಾಕಿ ನಾನ? ನಾನ ಕುಡಿಸಿ ನಾನ ಮೂಸಿ ನೋಡೀನಿ?"

ಅವಳು ನೆಲಕ್ಕೆ ಕುಸಿದು ಗಂಡನ ಕಾಲು ಹಿಡಿದಳು. ಅವನು ಅಮಲಿನಲ್ಲೇ ಬಗ್ಗಿ ಅವಳ ತಲೆಯ ಮೇಲೆ ಕೈಯಿಡಲು ನೋಡಿದ. ಕೈ ಗುರಿ ತಪ್ಪಿ ಹೆಗಲ ಮೇಲೆ ಬಿತ್ತು.

ಆಚೆ ಕೋಣೆಯಲ್ಲಿ ಇನಾಯತ್ ಪರದೆಗೆ ಬೆನ್ನು ತಿರುಗಿಸಿ ನಿಂತಿದ್ದ. ನೀಲಾಂಬಿಕೆಗೆ ಅದೂ ಆಗಲಿಲ್ಲ. ಇಷ್ಟು ವರ್ಷ ನೋಡದೆ ಇದ್ದವಳು ಇದನ್ನಾದರೂ ನೋಡಲೇಬೇಕು ಎಂದು ಕಣ್ಣು ಕೀಳದೆ ನಿಂತಳು.

ಮಧ್ಯಾಹ್ನ ಕರ್ನಲ್ ಉತ್ತಯ್ಯ ಬಾಗಿಲು ಹಾಕಿಸಿ ಮಾತಿಗೆ ಕೂತ. ಕೊಡಗಿನವನು, ಮಾತು ಕಡಿಮೆ, ನೇರ.

"ನಾನೇ ಅವನ ತೋಳು ಹಿಡಿದು ನೆಲೆಯಿಂದ ಇಳಿಸಿದ್ದು ಡಾಕ್ಟರೇ. ಎಲ್ಲರ ಮುಂದೆ ಬೆಲ್ಟು ಬಿಚ್ಚಿಸಿದೆ. ಅವನಿಗೆ ನ್ಯಾಯ ಸಿಗಬೇಕು. ಒಂದು ಕೆಲಸ ಮಾಡಿ. 'ಈತನದು ವಿಶೇಷ ದೇಹಪ್ರಕೃತಿ, ಲಕ್ಷಕ್ಕೊಬ್ಬನಿಗೆ ಹೀಗಾಗುತ್ತದೆ' ಅಂತ ಬರೆಯಿರಿ. ನಾಳೆಯೇ ಅವನ ಹೆಸರು ತೊಳೆದುಹೋಗುತ್ತೆ."

"ಕವಚ?"

"ಅದರ ಹೆಸರು ಎತ್ತಬೇಡಿ. ಮೂವತ್ತು ಸಾವಿರ ಜವಾನರ ತೋಳಲ್ಲಿದೆ ಅದು. ಈಗ ಕವಚದಲ್ಲಿ ದೋಷ ಅಂತ ಬರೆದರೆ ಹಿಮ ಕರಗೋ ತನಕ ಅವರಿಗೆ ನಾನು ಏನು ಹೇಳಲಿ? ಕಿತ್ತು ಹಾಕಿ ಅನ್ನಲಾ? ಗಾಯ ಆದರೆ ಯಾರು ನೋಡ್ತಾರೆ?"

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅದೇ ಕಷ್ಟವಾದದ್ದು. ವಿಶೇಷ ದೇಹಪ್ರಕೃತಿ ಅಂದುಬಿಟ್ಟರೆ ಅಡಿವೆಪ್ಪನೂ ಉಳಿಯುತ್ತಾನೆ, ಕವಚವೂ ಉಳಿಯುತ್ತದೆ, ನೀಲಾಂಬಿಕೆ ಹೂಗಾರಳ ಹೆಸರೂ. ತಪ್ಪು ಯಾರದೂ ಅಲ್ಲ, ಒಬ್ಬ ಸಿಪಾಯಿಯ ಹೊಟ್ಟೆಯದು. ಎಷ್ಟು ಸಲೀಸು!

"ಕರ್ನಲ್ ಸಾಹೇಬ್ರ, 'ಎತ್ತರದ ಮಂಪರು' ಅಂತ ನಿಮ್ಮಲ್ಲೊಂದು ಫೈಲು ಐತಲ್ಲ?"

 ಆ ಫೈಲು ಇಬ್ಬರಿಗೂ ಗೊತ್ತು. ಇನ್ನೂರ ಹನ್ನೆರಡು ಜವಾನರು. ಕಾರಣವಿಲ್ಲದ ದಣಿವು, ತಲೆ ಮಬ್ಬು, ಮರೆವು, ನಡೆಯುವಾಗ ತೂಗಾಟ. ಅವರಲ್ಲಿ ಏಳು ಮಂದಿ ಕಾಲು ಜಾರಿ ಕಣಿವೆಗೆ ಬಿದ್ದು ಸತ್ತಿದ್ದರು. ಎತ್ತರದ ಗಾಳಿಯೇ ಕಾರಣವಿರಬೇಕೆಂದು ಫೈಲು ಮುಚ್ಚಿತ್ತು.

"ಅವರ ಮಾದರಿನೂ ನನ್ನ ಕಡೆ ಬಂದಿದ್ದವು. ಎಲ್ಲಾದಕ್ಕೂ ಅದ ಒಂದೂವರೆ ಸಾಲು ಬರದು ಕಳಿಸೀನಿ. ಅವರೊಳಗ ಎಷ್ಟು ಮಂದಿದು ಯೀಸ್ಟಿನಿಂದ ಆದದ್ದು, ಎಷ್ಟು ಮಂದಿದು ಬ್ಯಾರೆ, ನನಗ ಗೊತ್ತಿಲ್ಲ. ಗೊತ್ತಿಲ್ಲ ಅಂತನ ಬರೀತೀನಿ. ಈ ಸಲ ಗೊತ್ತಿಲ್ಲದ್ದನ್ನ ಇಲ್ಲ ಅಂತ ಬರಿಯಂಗಿಲ್ಲ."

"ಮದ್ದು ಹಾಕಿದ ಪ್ಲೇಟಲ್ಲಿ ಯೀಸ್ಟ್ ಕಾಣಲ್ಲ ಅಂತ ನಿಮಗೆ ಗೊತ್ತಿರಲಿಲ್ಲವಾ?" ಕರ್ನಲ್ ಕೇಳಿದ. ಚುಚ್ಚುವುದಕ್ಕಲ್ಲ. ಅರ್ಥವಾಗದೆ ಕೇಳಿದ.

"ಗೊತ್ತಿತ್ತು. ಪ್ರತಿ ವಿದ್ಯಾರ್ಥಿಗೂ ಪಾಠ ಮಾಡಿದಾಕಿ ನಾನ. ಆದ್ರ ಪ್ಲೇಟು ಚೊಕ್ಕ ಇರ್ತಿದ್ವಲ್ಲ. ಚೊಕ್ಕ ಇದ್ದದ್ದನ್ನ ಯಾರು ಅನುಮಾನ ಮಾಡ್ತಾರ?"

 ವರದಿಯನ್ನು ಆ ಸಂಜೆಯೇ ಬರೆದಳು. ಮದ್ದಿನ ರೂಢಿ ಹಾಕಿದ್ದು ತಾನು, ಕಾಗದದ ಎರಡನೆಯ ಪುಟ ಓದದೆ ಇಟ್ಟದ್ದು ತಾನು ಎಂಬುದನ್ನೂ ಬಿಡಲಿಲ್ಲ. ಹಿಮ ಕರಗುವವರೆಗೆ ಕವಚ ಇರುವವರಿಗೆ ಸಕ್ಕರೆ, ಗ್ಲೂಕೋಸ್ ಕಡಿಮೆ ಮಾಡಿ, ಯೀಸ್ಟ್ ಕೊಲ್ಲುವ ಮಾತ್ರೆಯನ್ನು ವಿಮಾನದಿಂದ ಇಳಿಸಿ, ದಿನವೂ ಎಲ್ಲರ ಉಸಿರು ಪರೀಕ್ಷಿಸಿ, ಯಾರ ಉಸಿರಿನಲ್ಲಿ ಮದ್ಯ ಕಂಡರೂ ಶಿಕ್ಷಿಸಬೇಡಿ, ಕಾವಲಿನಿಂದ ಬಿಡಿಸಿ ಮಲಗಿಸಿ ಎಂದು ಬರೆದಳು. ದಾರಿ ತೆರೆದ ಕೂಡಲೇ ಕವಚಗಳನ್ನು ತೆಗೆಯಬೇಕೆಂದು ಬರೆದು ಸಹಿ ಮಾಡಿದಳು.  

ಮುಂದಿನ ವಾರವೇ ನೆಲೆಗಳಿಂದ ಲೆಕ್ಕ ಬಂತು. ಉಸಿರು ಊದಿದವರಲ್ಲಿ ನೂರಕ್ಕೆ ನಾಲ್ಕು ಮಂದಿ ಕುಡಿಯದೆಯೇ ಅಮಲಿನಲ್ಲಿದ್ದರು. ಪತ್ರಿಕೆಯವರು ಬರೆದರು, ವಿಚಾರಣೆಯಾಯಿತು. ನೀಲಾಂಬಿಕೆಯನ್ನು ವಿಭಾಗದ ಮುಖ್ಯಸ್ಥೆಯ ಕುರ್ಚಿಯಿಂದ ಇಳಿಸಿದರು. ಅವಳು ಅದಕ್ಕೆ ಬೇಸರಪಡಲಿಲ್ಲ. ಇನಾಯತ್‌ನ ಪಕ್ಕದ ಸ್ಟೂಲಿನಲ್ಲಿ ಕೂತು ಹಳೆಯ ಮಾದರಿಗಳನ್ನು ಒಂದೊಂದಾಗಿ ಮತ್ತೆ ಬಿತ್ತತೊಡಗಿದಳು. ಬಿದ್ದು ಸತ್ತ ಆ ಏಳು ಮಂದಿಯ ಮಾದರಿಗಳೂ ಅವುಗಳಲ್ಲಿದ್ದವು. ಐದರಲ್ಲಿ ಯೀಸ್ಟ್ ಎದ್ದಿತು.

"ಸ್ವಲ್ಪ ಚಹಾ ಕುಡೀರಿ ಮೇಡಮ್ಮರ," ಅಂದ ಇನಾಯತ್.

"ಈ ಐದು ಮನಿಗೂ ಕಾಗದ ಬರೀಬೇಕು," ಅಂದಳು. ಚಹಾ ಆರಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಕರ್ನಲ್ ಉತ್ತಯ್ಯ ಮತ್ತೊಮ್ಮೆ ಬಂದ. ದಳದ ಕಚೇರಿಯಿಂದ ಅಡಿವೆಪ್ಪನ ಸೇವಾಪುಸ್ತಕ ತಿದ್ದಿ ಬಂದಿತ್ತು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುವುದೆಂದು ತೀರ್ಮಾನವಾಗಿದೆ ಅಂದ.

"ಅಂಚಿಗೆ ಬ್ಯಾಡ ಸಾಹೇಬ್ರ. ನನ್ನ ಕೈಯಾಗ ಕೊಡ್ರಿ."

ಕರ್ನಲ್ ಪುಸ್ತಕವನ್ನು ಅವಳ ಕೈಗೆ ಕೊಟ್ಟ.

ಮಣಕಟ್ಟಿಯ ನೀರಿನ ಘಟಕದ ಮುಂದೆ ಬೆಳಗಿನ ಗದ್ದಲವಿತ್ತು. ಹೆಂಗಸರ ಕೊಡ, ಸೈಕಲ್ಲಿಗೆ ಕಟ್ಟಿದ ಕ್ಯಾನು, ಸರದಿಗಾಗಿ ತಕರಾರು. ಅಡಿವೆಪ್ಪನ ಮೈಮೇಲೆ ಸ್ವಲ್ಪ ಮಾಂಸ ಹಿಡಿದಿತ್ತು. ಮೂರು ತಿಂಗಳ ಮಾತ್ರೆ, ಮಜ್ಜಿಗೆ, ಪಥ್ಯದಿಂದ ಅವನ ಹೊಟ್ಟೆ ತಿಳಿಯಾಗಿತ್ತು. ರತ್ನವ್ವ ಅವನ ಊಟದ ಬುತ್ತಿ ಹಿಡಿದು ಅಲ್ಲೇ ಗೋಡೆಯ ನೆರಳಲ್ಲಿ ಕೂತಿದ್ದಳು. ನೀಲಾಂಬಿಕೆಯನ್ನು ಕಂಡು ಎದ್ದಳು, ಸೆರಗು ಸರಿಮಾಡಿಕೊಂಡಳು.

 ನೀಲಾಂಬಿಕೆ ಚೀಲದಿಂದ ಪುಸ್ತಕ ತೆಗೆದು, ತಿದ್ದಿದ ಪುಟ ತೆರೆದು, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

ಅಡಿವೆಪ್ಪ ನಲ್ಲಿ ನಿಲ್ಲಿಸಿದ. ಒದ್ದೆ ಕೈಯನ್ನು ಹೆಗಲ ವಸ್ತ್ರಕ್ಕೆ ಒರೆಸಿಕೊಂಡ. ಸಾಲದೆನಿಸಿ ಮತ್ತೊಮ್ಮೆ ಒರೆಸಿಕೊಂಡ. ಪುಸ್ತಕ ತೆಗೆದುಕೊಂಡು ತುಟಿ ಅಲುಗಿಸುತ್ತ ನಿಧಾನ ಓದಿದ. ಕಾವಲಿನ ವೇಳೆ ಮದ್ಯಪಾನ ಎಂಬ ನಮೂದು ತಪ್ಪು, ರದ್ದುಪಡಿಸಿದೆ. ನಡತೆ: ನಿಷ್ಕಳಂಕ.

"ತಡಾ ಆತ್ರಿ ಮೇಡಂ," ಅಂದ.

"ಹೌದ್ರಿ. ಭಾಳ ತಡ ಮಾಡಿದೆ."

ಕ್ಷಮಿಸಿದ್ದೇನೆ ಎಂದು ಅವನು ಹೇಳಲಿಲ್ಲ. ಕ್ಷಮಿಸು ಎಂದು ಕೇಳುವ ಬಾಯಿ ಅವಳಿಗೂ ಇರಲಿಲ್ಲ. ಸರದಿಯಲ್ಲಿ ಮುಂದಿದ್ದ ಮುದುಕಿ ಕೊಡ ಕುಕ್ಕಿದಳು.

"ನಿಂತಿ ಯಾಕೋ ಮಿಲಿಟ್ರಿ? ನೀರು ಬಿಡು. ಏನದು ಪುಸ್ತಕ? ಏನ್ ಕೊಟ್ಳು ಆಕಿ?"

ಅಡಿವೆಪ್ಪ ಪುಸ್ತಕ ಮಡಚಿ ರತ್ನವ್ವನ ಕೈಗೆ ಕೊಟ್ಟ. ಬಗ್ಗಿ ನಲ್ಲಿ ತಿರುಗಿಸಿದ.

"ನಂದ ಒಂದು ಸಾಮಾನಬೇ ಆಯಿ," ಅಂದ. "ಅವರ ಕಡೆ ಉಳದಿತ್ತು. ತಂದು ಕೊಟ್ಟಾರ."